ಮುಖಪುಟದ ತೆರಿಗೆ, ಜಿಲ್ಲಾ ಪುಟದ ರೇಷ್ಮೆಗೂಡು

ಸೆಪ್ಟೆಂಬರ್ 22, ಸೋಮವಾರ, ನವರಾತ್ರಿಯ ಮೊದಲ ದಿನ. ಚಿಂತಾಮಣಿ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಪೇಪರ್ ತಿರುವಿಹಾಕುತ್ತಿದ್ದೆ. ಸುದ್ದಿಯಿರುವ ಪುಟ ಸಿಗಬೇಕಾದರೆ ಜಾಹೀರಾತಿನ ಹಾಳೆಗಳನ್ನು ದಾಟಬೇಕಿತ್ತು. ಕಾರು, ಬೈಕು, ಟಿವಿ, ಸೋಪು, ಎಲ್ಲರೂ ಜಿಎಸ್‌ಟಿ ಇಳಿಕೆಯ ಹಬ್ಬದಲ್ಲಿದ್ದರು. ಕಷ್ಟಪಟ್ಟು ಸುದ್ದಿ ಪುಟಕ್ಕೆ ಬಂದರೆ ಅಲ್ಲೂ ಅದೇ ಹಬ್ಬ. ಜಾಹೀರಾತು ಎಲ್ಲಿ ಮುಗೀತು, ವರದಿ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲು ಅಕ್ಷರದ ಗಾತ್ರ ನೋಡಬೇಕಾಯ್ತು.

ಪಕ್ಕದಲ್ಲಿ ನನ್ನ ಸೋದರಮಾವ ಕೂತಿದ್ದರು. ಶಿಡ್ಲಘಟ್ಟ ತಾಲ್ಲೂಕಿನವರು. ನನಗೆ ಬುದ್ಧಿ ಬಂದಾಗಿನಿಂದ ಅವರ ಮನೆಯಲ್ಲಿ ಹುಳು ಮೇಯುವ ಸದ್ದು ಕೇಳಿದ್ದೇನೆ. ಟಿವಿ ಕಡೆ ಒಮ್ಮೆ, ಪೇಪರ್ ಕಡೆ ಒಮ್ಮೆ ನೋಡಿ ಕೇಳಿದರು: “ಅದ್ರಲ್ಲಿ ರೇಷ್ಮೆ ವಿಷ್ಯ ಏನಾನ ಬರ್ದವ್ರಾ?”

ಬರೆದಿರಲಿಲ್ಲ. ಬರೆಯಲು ಕಾರಣವೂ ಇರಲಿಲ್ಲ ಎನ್ನಿ. ರೇಷ್ಮೆಗೂಡಿಗೂ ಕಚ್ಚಾ ರೇಷ್ಮೆಗೂ ಜಿಎಸ್‌ಟಿ ಶುರುವಾದಾಗಿನಿಂದಲೇ ತೆರಿಗೆಯಿಲ್ಲ. ಇಲ್ಲದ ತೆರಿಗೆಯನ್ನು ಇಳಿಸುವುದು ಹೇಗೆ? ಅವರ ಬದುಕನ್ನು ಅಲ್ಲಾಡಿಸುವ ತೆರಿಗೆ ಬೇರೆ ಇದೆ: ಚೀನಾದಿಂದ ಬರುವ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕ. ಅದು ಇಳಿದರೆ ಇವರ ಮನೆಯಲ್ಲಿ ಹಬ್ಬ ಆಗುವುದಿಲ್ಲ, ತಿಥಿ ಆಗುತ್ತದೆ.

ತೆರಿಗೆ ಇಳಿಕೆ ಅಂದರೆ ಎಲ್ಲರಿಗೂ ಸಿಹಿಸುದ್ದಿ ಎಂದು ನಮ್ಮ ಮಾಧ್ಯಮಗಳು ಮೊದಲೇ ತೀರ್ಮಾನಿಸಿ ಸುದ್ದಿ ಬರೆಯಲು ಕೂರುತ್ತವೆ. ಆ ತೀರ್ಮಾನ ನಮ್ಮ ಜಿಲ್ಲೆಯಲ್ಲಿ ಒಮ್ಮೆ ಎಂಥ ಪೆಟ್ಟು ಕೊಟ್ಟಿತ್ತು ಎಂಬುದು ನನ್ನ ವಯಸ್ಸಿನವರಿಗೆ ಮಸುಕಾಗಿ ನೆನಪಿರಬಹುದು. ನನಗಿಂತ ಚಿಕ್ಕವರಿಗೆ ಗೊತ್ತೇ ಇರಲಿಕ್ಕಿಲ್ಲ. ಅದನ್ನು ಮೊದಲು ಹೇಳಿಬಿಡ್ತೀನಿ.

2011ರ ಫೆಬ್ರುವರಿ 28. ಪ್ರಣಬ್ ಮುಖರ್ಜಿ ಬಜೆಟ್ ಮಂಡಿಸಿದರು. ಆದಾಯ ತೆರಿಗೆ ವಿನಾಯಿತಿಯ ಮಿತಿ 1.6 ಲಕ್ಷದಿಂದ 1.8 ಲಕ್ಷಕ್ಕೆ ಏರಿತು. ಹಿರಿಯ ನಾಗರಿಕರ ವಯಸ್ಸು 65ರಿಂದ 60ಕ್ಕೆ ಇಳಿಯಿತು. ನಾನಾಗ ಎಸ್ಸೆಸ್ಸೆಲ್ಸಿ. ಟಿವಿಯಲ್ಲಿ ಸಂಬಳದಾರರ ಲೆಕ್ಕಾಚಾರ ಓಡುತ್ತಿದ್ದದ್ದು ನೆನಪಿದೆ. 20 ಸಾವಿರ ಹೆಚ್ಚುವರಿ ವಿನಾಯಿತಿ, ಅದಕ್ಕೆ ಶೇ 10ರ ದರ, ಅಂದರೆ ಒಬ್ಬರಿಗೆ ವರ್ಷಕ್ಕೆ ಉಳಿಯುವುದು ಎರಡು ಸಾವಿರ ರೂಪಾಯಿ, ಸೆಸ್ ಸೇರಿಸಿದರೆ ಇನ್ನೊಂದು ಅರವತ್ತು. ಇಷ್ಟಕ್ಕೆ ಪರ-ವಿರೋಧ, ತಜ್ಞರು, ಗ್ರಾಫಿಕ್ಸ್ ಎಲ್ಲ ಇತ್ತು.

ಅದೇ ಬಜೆಟ್ ಭಾಷಣದಲ್ಲಿ ಇನ್ನೊಂದು ತೆರಿಗೆಯನ್ನೂ ಇಳಿಸಿದ್ದರು. ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ! ಒಂದು ಉದಾಹರಣೆ ನೋಡಿ: ಬಂದರಿಗೆ ಸಾವಿರ ರೂಪಾಯಿಗೆ ಬಂದಿಳಿದ ರೇಷ್ಮೆ ಹಿಂದಿನ ದಿನದವರೆಗೆ ಸುಂಕ ಸೇರಿ 1,300 ಆಗುತ್ತಿತ್ತು. ಈಗ 1,050. ಶಿಡ್ಲಘಟ್ಟದ ರೀಲರ್ ತನ್ನ ನೂಲನ್ನು ಈ ಬೆಲೆಯ ಎದುರು ಮಾರಬೇಕು. ಅವನು ಆ 250ನ್ನು ಎಲ್ಲಿಂದ ತರ್ತಾನೆ? ಗೂಡಿನ ಹರಾಜಿನಲ್ಲಿ ಕಡಿಮೆ ಕೂಗಿ ತರ್ತಾನೆ. ಅಷ್ಟೇ, ಇದರಲ್ಲಿ ದೊಡ್ಡ ಅರ್ಥಶಾಸ್ತ್ರ ಏನಿಲ್ಲ.

ಗೂಡಿನ ಬೆಲೆ ಕುಸಿಯಿತು. ರಾಮನಗರದಿಂದ ಶಿಡ್ಲಘಟ್ಟದವರೆಗೆ ರೈತರು ಬೀದಿಗೆ ಬಂದರು. ಮಾವ ಆ ವರ್ಷ ಒಂದು ಎಕರೆ ಹಿಪ್ಪುನೇರಳೆ ಕಿತ್ತುಹಾಕಿದರು. ಬೇರುಸಮೇತ ಕೀಳುವುದು ಸಣ್ಣ ಮಾತಲ್ಲ. ಬೆಲೆ ಮತ್ತೆ ಏರಿದಾಗ ಮರಳಿ ನೆಟ್ಟು ಸೊಪ್ಪು ಬರುವವರೆಗೆ ಕಾಯಬೇಕು. ಮನೆಯಲ್ಲಿ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡು ಧೂಳು ತಿಂದವು. ಅತ್ತೆ ಆ ಹೊತ್ತಲ್ಲಿ ಎರಡು ಹಸು ಕಟ್ಟಿದ್ದರಿಂದ ಮನೆ ನಡೀತು. ಇವತ್ತಿಗೂ ಅವರ ಮನೆಯಲ್ಲಿ 2011 ಅಂತ ಯಾರೂ ಹೇಳಲ್ಲ, “ಸುಂಕ ಇಳಿಸಿದ ವರ್ಷ” ಅಂತಾರೆ.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ನಾನೂ ಪಕ್ಷಪಾತಿಯಾಗ್ತೀನಿ. ಸುಂಕ ಇಳಿಸಿದ್ದು ಸುಮ್ಮನೆ ಅಲ್ಲ. ಕಚ್ಚಾ ರೇಷ್ಮೆ ದುಬಾರಿಯಾಗಿ ನೇಕಾರರು ಒದ್ದಾಡುತ್ತಿದ್ದರು. ಗೌರಿಬಿದನೂರಿನಿಂದ ಬೆಂಗಳೂರಿನ ದಾರಿ ಹಿಡಿದರೆ ಸಿಗುವ ದೊಡ್ಡಬಳ್ಳಾಪುರದ ಮಗ್ಗಗಳ ಮನೆಯಲ್ಲಿ ಕೇಳಿ ನೋಡಿ, ಅವರಿಗೆ ಅಗ್ಗದ ನೂಲು ಬೇಕು. ಕಂಚಿಗೂ ಬನಾರಸಿಗೂ ಬೇಕು. ಒಂದು ಮನೆಯ ತಿಥಿ ಇನ್ನೊಂದು ಮನೆಯ ಹಬ್ಬ. ಚರ್ಚೆ ಆಗಬೇಕಿದ್ದದ್ದು ಇಲ್ಲಿ. ಹುಳು ಸಾಕುವವರು, ನೂಲು ತೆಗೆಯುವವರು, ನೇಯುವವರು ಒಂದೇ ಸ್ಟುಡಿಯೋದಲ್ಲಿ ಕೂತಿದ್ದರೆ ಎಂಥ ಕಾರ್ಯಕ್ರಮ ಆಗ್ತಿತ್ತು! ನಮಗೆ ಸಿಕ್ಕಿದ್ದು ಎರಡು ಸಾವಿರ ರೂಪಾಯಿಯ ಲೆಕ್ಕ.

ಇನ್ನೂ ಒಂದು ವಿಷಯ. ಆಗ ಚಿಕ್ಕಬಳ್ಳಾಪುರದ ಸಂಸದರಾಗಿದ್ದ ವೀರಪ್ಪ ಮೊಯಿಲಿ ಅದೇ ಕೇಂದ್ರ ಸಂಪುಟದಲ್ಲಿ ಸಚಿವರು. ಕೇಂದ್ರದಲ್ಲಿ ಕಾಂಗ್ರೆಸ್, ರಾಜ್ಯದಲ್ಲಿ ಬಿಜೆಪಿ. 2013ರ ಬಜೆಟ್‌ನಲ್ಲಿ ಚಿದಂಬರಂ ಸುಂಕವನ್ನು ಶೇ 15ಕ್ಕೆ ಏರಿಸಿದರು, ಆಮೇಲೆ ಅದು ಶೇ 10ಕ್ಕೆ ಇಳಿಯಿತು, 2021ರ ಫೆಬ್ರುವರಿ 1ರಂದು ನಿರ್ಮಲಾ ಸೀತಾರಾಮನ್ ಮತ್ತೆ ಶೇ 15 ಮಾಡಿದರು. ಅಂದರೆ ನಮ್ಮ ಗೂಡಿನ ರೈತನಿಗೆ ಪೆಟ್ಟು ಕೊಟ್ಟವರೂ ಮುಲಾಮು ಹಚ್ಚಿದವರೂ ಒಂದೇ ಪಕ್ಷದವರಲ್ಲ. ಹಾಗಾಗಿ ಮಾಧ್ಯಮದ ಪಕ್ಷಪಾತ ಅಂದ ಕೂಡಲೇ ‘ಗೋದಿ ಮೀಡಿಯಾ’ ಎಂದು ಕೂಗಿ ಕೈತೊಳೆದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಕೆಲಸ ಮಾಡಲ್ಲ. ಆ ಪಕ್ಷಪಾತ ಇಲ್ಲ ಅಂತಲ್ಲ, ಇದೆ. ಅದಕ್ಕಿಂತ ಹಳೆಯದೊಂದು ಅದರ ಕೆಳಗಿದೆ: ಯಾರ ಜೇಬು ಸುದ್ದಿ, ಯಾರ ಜೇಬು ಸುದ್ದಿಯಲ್ಲ ಎಂಬುದು.

2021ರ ಆ ಬಜೆಟ್ ದಿನ ನಾನೇ ಒಂದು ಪತ್ರಿಕೆಗೆ ಜಿಲ್ಲೆಯಿಂದ ಬಿಡಿ ಸುದ್ದಿ ಕಳಿಸುತ್ತಿದ್ದೆ. ಸುಂಕ ಏರಿದ್ದು ಕಂಡ ಕೂಡಲೇ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಓಡಿದೆ. ರೈತರು, ರೀಲರ್‌ಗಳು, ಇಬ್ಬರ ಮಾತನ್ನೂ ಹಾಕಿ ಉದ್ದದ ವರದಿ ಬರೆದೆ. ಡೆಸ್ಕ್‌ನಿಂದ ಫೋನ್ ಬಂತು. “ಒಳ್ಳೆ ಸ್ಟೋರಿ ಕಣ್ರೀ, ಆದ್ರೆ ಬಜೆಟ್ ಪುಟಕ್ಕೆ ಬೇಡ, ಜಿಲ್ಲಾ ಪುಟಕ್ಕೆ ಹಾಕೋಣ.” ಮರುದಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬಂದಿತ್ತು, ಒಂದು ದೇವಸ್ಥಾನದ ಜಾತ್ರೆಯ ಫೋಟೋ ಪಕ್ಕದಲ್ಲಿ. ಮುಖಪುಟದಲ್ಲಿ? ಆದಾಯ ತೆರಿಗೆ ದರದಲ್ಲಿ ಬದಲಾವಣೆ ಇಲ್ಲ, ಮಧ್ಯಮ ವರ್ಗಕ್ಕೆ ನಿರಾಸೆ.

ಅಂದರೆ ಆಗದೇ ಹೋದ ಬದಲಾವಣೆ ಮುಖಪುಟದ ಸುದ್ದಿ. ಆದ ಬದಲಾವಣೆ ಜಿಲ್ಲಾ ಪುಟದ ನಾಲ್ಕು ಸಾಲು. ಫೋನ್ ಮಾಡಿದ ಆ ಉಪಸಂಪಾದಕರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೆಟ್ಟವರಲ್ಲ, ಯಾರಿಂದಲೂ ದುಡ್ಡು ತಿಂದವರಲ್ಲ. ಅವರೂ ಸಂಬಳದಾರರು. ಅವರ ಸುತ್ತ ಕೂತವರೆಲ್ಲ ಫಾರಂ 16 ನೋಡುವವರು. ಅವರಿಗೆ ‘ತೆರಿಗೆ’ ಅಂದರೆ ಸಂಬಳದಲ್ಲಿ ಕಡಿತವಾಗುವುದು. ತಮಾಷೆ ಅಂದ್ರೆ, ಆದಾಯ ತೆರಿಗೆಯಲ್ಲಿ ಮಾಡಿದ ಬದಲಾವಣೆ ಏಪ್ರಿಲ್‌ನಿಂದ ಶುರು. ಆಮದು ಸುಂಕ ಬದಲಾದರೆ ಸಾಮಾನ್ಯವಾಗಿ ಮರುದಿನದಿಂದಲೇ ಜಾರಿ. ತುರ್ತು ಯಾವುದಕ್ಕೆ ಇತ್ತು ನೀವೇ ಹೇಳಿ.

2025ರ ಫೆಬ್ರುವರಿ 1ಕ್ಕೆ ಬನ್ನಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ, ಸಂಬಳದಾರರಿಗೆ 12.75 ಲಕ್ಷದವರೆಗೆ. ಕೇಂದ್ರವೇ ಹೇಳಿದಂತೆ ಇದರಿಂದ ಖಜಾನೆಗೆ ಬಾರದೆ ಹೋಗುವ ಹಣ ಸುಮಾರು 1 ಲಕ್ಷ ಕೋಟಿ. ವಾಹಿನಿಗಳು ‘ಬಂಪರ್’ ಎಂದವು, ‘ಗಿಫ್ಟ್’ ಎಂದವು. ಸಂಬಳದವರಿಗೆ ಅನುಕೂಲವಾಯ್ತು, ನಿಜ, ನನ್ನ ಗೆಳೆಯರಲ್ಲೇ ಹಲವರು ಖುಷಿಪಟ್ಟರು. ಆದರೆ ಆ ಒಂದು ಲಕ್ಷ ಕೋಟಿಯನ್ನು ಯಾವ ಖರ್ಚಿನಿಂದ ಕಡಿತ ಮಾಡ್ತಾರೆ ಎಂದು ಯಾರಾದರೂ ಕೇಳಿದರಾ? ಗ್ಯಾರಂಟಿ ಯೋಜನೆ ಬಂದಾಗ ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿದ್ದು ಇದೇ ಆ್ಯಂಕರ್‌ಗಳು ತಾನೆ?

ಈ ಪದಗಳ ಆಟ ಇನ್ನೂ ಚೆನ್ನಾಗಿ ಕಾಣಬೇಕಾದರೆ 2019ರ ಸೆಪ್ಟೆಂಬರ್ 20ಕ್ಕೆ ಹೋಗಬೇಕು. ಅವತ್ತು ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಕಂಪನಿಗಳ ತೆರಿಗೆಯ ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿತು, ಹೊಸ ಉತ್ಪಾದನಾ ಕಂಪನಿಗಳಿಗೆ ಶೇ 15. ಬಜೆಟ್ ಅಲ್ಲ, ಸಂಸತ್ತಿನಲ್ಲಿ ಚರ್ಚೆಯಿಲ್ಲ, ಒಂದು ಶುಕ್ರವಾರ ಬೆಳಿಗ್ಗೆ ಪತ್ರಿಕಾಗೋಷ್ಠಿ. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಟ್ಟಂತೆ ಎಂದು ಸರ್ಕಾರವೇ ಹೇಳಿತು. ಸೆನ್ಸೆಕ್ಸ್ 1,900ಕ್ಕೂ ಹೆಚ್ಚು ಅಂಶ ಜಿಗಿಯಿತು, ಆ ಜಿಗಿತವೇ ಸುದ್ದಿಯಾಯಿತು. ಅದಕ್ಕೆ ಬಳಸಿದ ಪದ ‘ಉತ್ತೇಜನ’.

ಕರ್ನಾಟಕದ ಐದು ಗ್ಯಾರಂಟಿಗಳಿಗೆ 2025-26ರ ರಾಜ್ಯ ಬಜೆಟ್ ಇಟ್ಟದ್ದು 51,034 ಕೋಟಿ. ಅದಕ್ಕೆ ಬಳಸುವ ಪದ ‘ಬಿಟ್ಟಿ’.

ಎರಡೂ ಖಜಾನೆಯ ಹಣವೇ. ಗ್ಯಾರಂಟಿಯನ್ನು ಪ್ರಶ್ನಿಸಬಾರದು ಅಂತ ನಾನು ಹೇಳ್ತಿಲ್ಲ, ಪ್ರಶ್ನಿಸಲೇಬೇಕು. ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾದರೆ ಕೇಳಬೇಕು, ರಸ್ತೆಗೆ ದುಡ್ಡಿಲ್ಲ ಎಂದರೆ ಕೇಳಬೇಕು. ಆದರೆ ಉತ್ತೇಜನ ಪಡೆದವರು ಎಷ್ಟು ಹೂಡಿದರು, ಎಷ್ಟು ಕೆಲಸ ಕೊಟ್ಟರು ಎಂದು ಅದೇ ದನಿಯಲ್ಲಿ ಕೇಳಿದ ಚರ್ಚೆ ಕನ್ನಡದ ವಾಹಿನಿಗಳಲ್ಲಿ ನಾನು ನೋಡಿಲ್ಲ. 2018-19ರಲ್ಲಿ ಕಂಪನಿಗಳ ತೆರಿಗೆ ಸುಮಾರು 6.63 ಲಕ್ಷ ಕೋಟಿ ಬಂದಿತ್ತು, ವ್ಯಕ್ತಿಗಳ ಆದಾಯ ತೆರಿಗೆ ಅದಕ್ಕಿಂತ ಬಹಳ ಕೆಳಗಿತ್ತು. 2025-26ರ ಕೇಂದ್ರ ಬಜೆಟ್ ಅಂದಾಜಿನಲ್ಲಿ ಕಂಪನಿಗಳಿಂದ 10.82 ಲಕ್ಷ ಕೋಟಿ, ವ್ಯಕ್ತಿಗಳಿಂದ 14.38 ಲಕ್ಷ ಕೋಟಿ. ಯಾರ ಹೆಗಲಿಂದ ಯಾರ ಹೆಗಲಿಗೆ ಭಾರ ಸರಿಯಿತು ಎಂದು ಈ ಸಂಖ್ಯೆಗಳು ಹೇಳುತ್ತವೆ. ಮಧ್ಯಮ ವರ್ಗದ ಪರ ದಿನವಿಡೀ ದನಿ ಎತ್ತುವ ವಾಹಿನಿಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿತ್ತಾ?

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಿಂದ ಸಂಜೆ ಹೊರಬರುವ ಕಾರ್ಮಿಕ ಹೆಣ್ಣುಮಕ್ಕಳನ್ನು ನೋಡಿ. ಅವರಲ್ಲಿ ಹೆಚ್ಚಿನವರಿಗೆ ಆದಾಯ ತೆರಿಗೆಯ ಮಾತೇ ಬರುವುದಿಲ್ಲ. 2024ರ ಜುಲೈ 31ರ ಗಡುವಿನೊಳಗೆ ದೇಶದಲ್ಲಿ ಸಲ್ಲಿಕೆಯಾದ ರಿಟರ್ನ್‌ಗಳೇ 7.28 ಕೋಟಿ, ನೂರನಲವತ್ತು ಕೋಟಿ ಜನರ ನಾಡಿನಲ್ಲಿ. ಆದರೆ ಆ ಹುಡುಗಿ 2024ರಲ್ಲಿ ಕೊಂಡ ಸೋಪು, ಟೂತ್‌ಪೇಸ್ಟು, ತಲೆಗೆ ಹಾಕುವ ಎಣ್ಣೆ, ಎಲ್ಲಕ್ಕೂ ಶೇ 18 ಕಟ್ಟಿದ್ದಾಳೆ. ಟಿವಿಯಲ್ಲಿ ‘ತೆರಿಗೆದಾರರ ದುಡ್ಡು’ ಎಂದು ಗುಡುಗುವಾಗ ಕಣ್ಮುಂದೆ ಬರುವ ಚಿತ್ರ ಅವಳದಲ್ಲ, ಅವಳು ಉಚಿತ ಬಸ್ಸಿನಲ್ಲಿ ಕೂತ ಫಲಾನುಭವಿ ಮಾತ್ರ.

ಹಾಗಾದರೆ ಸೆಪ್ಟೆಂಬರ್‌ನ ಜಿಎಸ್‌ಟಿ ಇಳಿಕೆ ಅವಳ ಪರವೇ ಅಲ್ಲವಾ? ಹೌದು. ಸೋಪು ಶೇ 18ರಿಂದ 5ಕ್ಕೆ ಬಂದದ್ದು, ಟ್ರ್ಯಾಕ್ಟರ್ ಮತ್ತು ಹನಿ ನೀರಾವರಿ ಸಾಮಗ್ರಿ 12ರಿಂದ 5ಕ್ಕೆ ಬಂದದ್ದು ನಮ್ಮಂಥ ಬಯಲುಸೀಮೆಗೆ ನಿಜಕ್ಕೂ ಒಳ್ಳೆಯದು. ಬೋರ್‌ವೆಲ್ ನೀರನ್ನು ತೊಟ್ಟು ತೊಟ್ಟಾಗಿ ಹಿಪ್ಪುನೇರಳೆಗೂ ದ್ರಾಕ್ಷಿಗೂ ಟೊಮೆಟೊಗೂ ಬಿಡುವ ಜಿಲ್ಲೆ ಇದು. ನಾನು ಕೇಳ್ತಿರೋದು, ಹೊಗಳಿಕೆ ಮುಗಿದ ಮೇಲೆ ಲೆಕ್ಕ ಯಾರು ಇಟ್ಟರು ಅಂತ.

ತೆರಿಗೆ ಇಳಿದರೆ ಬೆಲೆ ತಾನಾಗಿ ಇಳಿಯಲ್ಲ. 2017ರ ನವೆಂಬರ್‌ನಲ್ಲಿ ಹೋಟೆಲ್ ಊಟದ ಜಿಎಸ್‌ಟಿ ಶೇ 5ಕ್ಕೆ ಇಳಿದಾಗ ಎಷ್ಟೋ ಕಡೆ ಮೆನು ಬೆಲೆ ಮೇಲೇರಿ ಬಿಲ್ ಅಲ್ಲಿಗಲ್ಲಿಗೇ ನಿಂತಿತ್ತು. ಅಂಥದನ್ನು ತಡೆಯಲೆಂದೇ ಲಾಭಕೋರತನ ತಡೆಯುವ ವ್ಯವಸ್ಥೆಯೊಂದು ಜಿಎಸ್‌ಟಿ ಕಾನೂನಿನಲ್ಲಿತ್ತು. ಅದು 2025ರ ಏಪ್ರಿಲ್ 1ರಿಂದ ಹೊಸ ದೂರು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಅಂದರೆ ದೊಡ್ಡ ಇಳಿಕೆ ಬರುವ ಆರು ತಿಂಗಳ ಮುಂಚೆ ಕಾವಲುಗಾರ ಮನೆಗೆ ಹೋಗಿದ್ದ. ‘ಉಳಿತಾಯ ಉತ್ಸವ’ ಎಂಬ ಸರ್ಕಾರದ ಪದವನ್ನೇ ಎತ್ತಿಕೊಂಡು ತಲೆಬರಹ ಮಾಡಿದ ಎಷ್ಟು ಕಡೆ ಈ ಒಂದು ಸಾಲು ಕಾಣಿಸಿತು?

ಈಗ ನಮ್ಮ ಕಡೆಯ ಬೆನ್ನು ತಿರುಗಿಸಿ ನೋಡೋಣ. ನಮ್ಮ ಕಡೆ ಅಂದರೆ ಕೇಂದ್ರವನ್ನು ಟೀಕಿಸುವ ಡಿಜಿಟಲ್ ಮಾಧ್ಯಮಗಳು, ನಾನೂ ಸೇರಿ.

ಜಿಎಸ್‌ಟಿ ಇಳಿಕೆಗೆ ಮುಂಚೆ ಎಂಟು ರಾಜ್ಯಗಳು ದೆಹಲಿಯ ಕರ್ನಾಟಕ ಭವನದಲ್ಲಿ ಸೇರಿ, ಇಳಿಸಿ, ಆದರೆ ನಮ್ಮ ನಷ್ಟ ತುಂಬಿಕೊಡಿ ಎಂದು ಕೇಳಿದವು. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯವನ್ನು ಪ್ರತಿನಿಧಿಸುವ ಕೃಷ್ಣ ಬೈರೇಗೌಡರು ಮುಂದಿಟ್ಟ ಅಂದಾಜಿನಲ್ಲಿ ಎಲ್ಲ ರಾಜ್ಯಗಳ ನಷ್ಟ ಒಂದೂವರೆಯಿಂದ ಎರಡು ಲಕ್ಷ ಕೋಟಿ. ಕೇಂದ್ರದ ಅಧಿಕಾರಿಗಳು ಕೊಟ್ಟ ಸಂಖ್ಯೆ 48 ಸಾವಿರ ಕೋಟಿ, ಅದೂ 2023-24ರ ಬಳಕೆಯ ಆಧಾರದಲ್ಲಿ. ಎರಡರ ನಡುವೆ ಮೂರು-ನಾಲ್ಕು ಪಟ್ಟು ಅಂತರ! ಯಾರೋ ಒಬ್ಬರ ಲೆಕ್ಕ ತಪ್ಪಿರಬೇಕು, ಅಥವಾ ಇಬ್ಬರೂ ಬೇರೆ ಬೇರೆ ವಸ್ತುವನ್ನು ಅಳೆಯುತ್ತಿರಬೇಕು. ಇದನ್ನು ಬಿಡಿಸುವುದೇ ವರದಿಗಾರನ ಕೆಲಸ. ಆದದ್ದೇನು? ಒಂದು ಗುಂಪು 48 ಸಾವಿರವನ್ನು ಬರೆಯಿತು, ಇನ್ನೊಂದು ಗುಂಪು ಎರಡು ಲಕ್ಷವನ್ನು. ವಾಹಿನಿಗಳಿಗೆ ಅದು ‘ಕೇಂದ್ರ-ರಾಜ್ಯ ಜಟಾಪಟಿ’. ನಾನು ರಾಜ್ಯದ ಸಂಖ್ಯೆಯನ್ನು ತಲೆಬರಹಕ್ಕೆ ಹಾಕಿದೆ. ಅದನ್ನು ಹೇಗೆ ಲೆಕ್ಕ ಹಾಕಿದರು ಎಂದು ಒಂದು ಫೋನ್ ಕೂಡ ಮಾಡಲಿಲ್ಲ. ನನಗೆ ಬೇಕಾದ ಸಂಖ್ಯೆ ಅದಾಗಿತ್ತು, ಅಷ್ಟೇ.

ಕರ್ನಾಟಕಕ್ಕೆ ತೆರಿಗೆ ಹಂಚಿಕೆಯಲ್ಲಿ ಅನ್ಯಾಯವಾಗಿದೆ ಎಂಬ ವಾದಕ್ಕೆ ಗಟ್ಟಿ ಆಧಾರವಿದೆ. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ನಮ್ಮ ಪಾಲು 15ನೇ ಆಯೋಗದಲ್ಲಿ ಶೇ 3.647 ಆಯಿತು. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ ಜಂತರ್ ಮಂತರ್‌ನಲ್ಲಿ ಕೂತಾಗ ನಾವೆಲ್ಲ ಹುರುಪಿನಿಂದ ಬರೆದೆವು. ಅದೇ ವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ ಮೇಲೂ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಇನ್ನೊಮ್ಮೆ. ಚಿಂತಾಮಣಿಯಿಂದ ಟೊಮೆಟೊ ತುಂಬಿಕೊಂಡು ಹೊರಡುವ ಟೆಂಪೊಗೆ ಇದು ದಿನದ ಖರ್ಚು. ಇದಕ್ಕೆ ನಾವು ಎಷ್ಟು ಜಾಗ ಕೊಟ್ಟೆವು? ‘ಅಕ್ಕಪಕ್ಕದ ರಾಜ್ಯಗಳಿಗಿಂತ ಕಡಿಮೆಯೇ ಇದೆ’ ಎಂಬ ಸರ್ಕಾರದ ಸಮಜಾಯಿಷಿಯನ್ನು ಹಾಗೇ ಹಾಕಿ ಮುಂದೆ ಹೋದೆವು.

ನಂದಿನಿ ತುಪ್ಪದ ಕತೆ ಇನ್ನೂ ಚಂದ. ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದಕ್ಕೆ ಸೆಪ್ಟೆಂಬರ್ 22ರಂದು ಲೀಟರ್‌ಗೆ 650 ಇದ್ದದ್ದು 610 ಆಯ್ತು. ಕೇಂದ್ರದ ಪರ ಇರುವವರು ಸಂಭ್ರಮಿಸಿದರು. ನವೆಂಬರ್ ಮೊದಲ ವಾರ ಅದೇ ತುಪ್ಪ 700 ಆಯ್ತು. ಕೇಂದ್ರದ ಪರ ಇರುವವರು ರಾಜ್ಯವನ್ನು ಬೈದರು, ರಾಜ್ಯದ ಪರ ಇರುವವರು ಮಾರುಕಟ್ಟೆಯ ಬೆಲೆ ಎಂದರು. ಹಾಲು ಹಾಕುವ ನಮ್ಮತ್ತೆಗೆ ಇದರಲ್ಲಿ ಎಷ್ಟು ಬಂತು ಎಂದು ಕೇಳಿದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ. ನಾನೂ ಬರೆಯಲಿಲ್ಲ ಅನ್ನೋದನ್ನ ಇಲ್ಲಿ ಸೇರಿಸಿಬಿಡ್ತೀನಿ.

ಇದೆಲ್ಲದರ ಹಿಂದೆ ಜಾಹೀರಾತು ಇದೆ, ಸುಳ್ಳಲ್ಲ. ಕಾರು ಕಂಪನಿಯ ಪುಟ ತುಂಬಿದ ಜಾಹೀರಾತಿನ ಬೆನ್ನಿಗೆ ಆ ಇಳಿಕೆಯನ್ನು ಪ್ರಶ್ನಿಸುವ ವರದಿ ಹಾಕಲು ಎದೆಗಾರಿಕೆ ಬೇಕು. ರಾಜ್ಯ ಸರ್ಕಾರದ ಜಾಹೀರಾತು ತಗೊಳ್ಳುವವರಿಗೂ ಇದೇ ಮಾತು. ಆದರೆ ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಕಾರಣ ಸೋಮಾರಿತನ ಮತ್ತು ದೂರ. ಬಜೆಟ್ ಸುದ್ದಿ ದೆಹಲಿಯ ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಬರುತ್ತದೆ, ಬೆಂಗಳೂರಿನಲ್ಲಿ ಗಡಿಬಿಡಿಯಲ್ಲಿ ಕನ್ನಡವಾಗುತ್ತದೆ. ಸುಂಕದ ದರ ಇರುವುದು ಭಾಷಣದ ಕೊನೆಯ ಅನುಬಂಧದಲ್ಲಿ, ಅಷ್ಟು ಹೊತ್ತಿಗೆ ಮೊದಲ ಆವೃತ್ತಿ ಅಚ್ಚಿಗೆ ಹೋಗಿರುತ್ತದೆ. ಇತ್ತ ಜಿಲ್ಲೆಯ ವರದಿಗಾರ ಪ್ರತಿದಿನ ಗೂಡಿನ ಧಾರಣೆ ಕಳಿಸುತ್ತಾನೆ: ಮಿಶ್ರತಳಿ ಇಷ್ಟು, ದ್ವಿತಳಿ ಇಷ್ಟು, ಗರಿಷ್ಠ ಇಷ್ಟು, ಕನಿಷ್ಠ ಇಷ್ಟು. ಒಂದೇ ಪತ್ರಿಕೆಯ ಹೊಟ್ಟೆಯಲ್ಲಿ ಸುಂಕವೂ ಇದೆ, ಧಾರಣೆಯೂ ಇದೆ. ಎರಡೂ ಒಂದನ್ನೊಂದು ಭೇಟಿಯಾಗುವುದಿಲ್ಲ.

ಬರುವ ಫೆಬ್ರುವರಿಯ ಬಜೆಟ್‌ಗೆ ನಾನೊಂದು ಹಾಳೆ ಮಾಡಿಟ್ಟುಕೊಂಡಿದ್ದೇನೆ. ಕಚ್ಚಾ ರೇಷ್ಮೆ, ರೇಷ್ಮೆ ನೂಲು, ರೇಷ್ಮೆ ಬಟ್ಟೆಯ ಈಗಿನ ಸುಂಕ ಒಂದು ಕಡೆ, ಹೊಸ ದರಕ್ಕೆ ಖಾಲಿ ಜಾಗ ಇನ್ನೊಂದು ಕಡೆ. ಆದಾಯ ತೆರಿಗೆಗೂ ಒಂದು ಸಾಲು ಬಿಟ್ಟಿದ್ದೇನೆ, ಕೆಳಗಡೆ. ಈ ಸೈಟಿನ ಸಂಪಾದಕರಿಗೂ ಹೇಳಿದ್ದೇನೆ, ಅವತ್ತಿನ ನಮ್ಮ ಮೊದಲ ಸುದ್ದಿ ಶಿಡ್ಲಘಟ್ಟದ ಮಾರುಕಟ್ಟೆಯಿಂದ ಮತ್ತು ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಿಂದ ಬರಲಿ ಅಂತ. “ಓದ್ತಾರಾ?” ಅಂತ ಕೇಳಿದರು. ಗೊತ್ತಿಲ್ಲ ಸಾರ್ ಅಂದೆ.

ಮಾವನಿಗೆ ಮಾತ್ರ ಈ ಹಾಳೆಯ ಮೇಲೆ ಹೆಚ್ಚು ನಂಬಿಕೆ ಬಂದಂತಿಲ್ಲ. ಟೀ ಲೋಟ ಕೆಳಗಿಟ್ಟು, ಜಾಹೀರಾತಿನ ಹಾಳೆಯೊಂದನ್ನು ಮಡಚಿ ಚೀಲಕ್ಕೆ ಸೇರಿಸಿದರು. ಚಾಕಿ ಹುಳುವಿನ ತಟ್ಟೆ ಕೆಳಗೆ ಹಾಸೋಕೆ ಚೆನ್ನಾಗಿರುತ್ತಂತೆ, ದಪ್ಪ ಕಾಗದ. “ಬಜೆಟ್ ದಿನ ಸಾಯಂಕಾಲ ಫೋನ್ ಮಾಡ್ತೀನಿ, ಎತ್ತಪ್ಪಾ” ಅಂದು ಶಿಡ್ಲಘಟ್ಟದ ಬಸ್ಸು ಹತ್ತಿದರು.